ಸಂಖ್ಯೆಯಷ್ಟೇ ಸಾಲದು, ವಕ್ರರೇಖೆಯನ್ನೂ ಕೊಡಿ: ಅಯಾನುಗೋಳದ ಅಳತೆಗಳನ್ನು ಕಾಯುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ದೇಶದ ಬಾಹ್ಯಾಕಾಶ ವಿಜ್ಞಾನ ಯೋಜನೆಗಳನ್ನು ರೂಪಿಸುವ ಹಾಗೂ ಅವುಗಳ ದತ್ತಾಂಶವನ್ನು ಕಾಪಾಡುವ ಮಾನ್ಯ ಅಧಿಕಾರಿಗಳು ಮತ್ತು ವಿಜ್ಞಾನಿಗಳು.

ಮಾನ್ಯರೇ,

ಸವಿನಯ ನಮಸ್ಕಾರಗಳು. ನಾನು ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡತಿ. ಮುಂಬೈ ಉಪನಗರದ ಕಾಲೇಜೊಂದರಲ್ಲಿ 31 ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಉಪಗ್ರಹಗಳು ಹೊತ್ತೊಯ್ಯುವ ಅಳತೆಯ ಸಾಧನಗಳಾದ ಪ್ರೋಬ್‌ಗಳಿಂದ ಅಯಾನುಗೋಳದ ಪ್ಲಾಸ್ಮಾವನ್ನು, ಅಂದರೆ ವಿದ್ಯುದಂಶವುಳ್ಳ ಕಣಗಳ ಅನಿಲವನ್ನು, ಅಳೆಯುವ ಕೆಲಸದಲ್ಲಿ ನಾನು ಕಣ್ಣಾರೆ ಕಂಡ ಒಂದು ಪದ್ಧತಿಯ ಕಡೆಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಅಳತೆ ಮಾಡಿದವರು ಅಂತಿಮ ಸಂಖ್ಯೆಗಳನ್ನು ಮಾತ್ರ ಹೊರಗೆ ಕೊಟ್ಟು, ಆ ಸಂಖ್ಯೆಗಳು ಯಾವ ವಕ್ರರೇಖೆಗಳಿಂದ ಹುಟ್ಟಿದವೋ ಅವುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಹವಾಲು. ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಸಂಬಂಧಪಟ್ಟವರಿಗೆ ಕಳುಹಿಸಿದ್ದೆ. ಉತ್ತರ ಬರಲಿಲ್ಲ. ಈಗ ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ: ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಭಾನುವಾರ ನನ್ನ ವಿಜ್ಞಾನದ ಮಾತು ಕೇಳಲು ಬರುವ ಮಕ್ಕಳ ತಂದೆತಾಯಿಗಳೂ ಇದನ್ನು ಓದಬೇಕು, ಉಪಗ್ರಹಗಳು ಅವರ ದುಡ್ಡಿನಿಂದಲೂ ಹಾರುತ್ತವೆ.

ಅವರಿಗಾಗಿ ವಿಷಯವನ್ನು ತುಸು ಬಿಡಿಸಿ ಹೇಳಲು ಅನುಮತಿ ಕೋರುತ್ತೇನೆ. ನೆಲದಿಂದ ಸುಮಾರು 60 ಕಿ.ಮೀ. ಎತ್ತರದಲ್ಲಿ ಆರಂಭವಾಗಿ ಸಾವಿರ ಕಿ.ಮೀ.ವರೆಗೆ ಹಬ್ಬಿರುವ ಅಯಾನುಗೋಳದಲ್ಲಿ ಸೂರ್ಯನ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುಗಡೆ ಮಾಡುತ್ತವೆ. ಮಧ್ಯಾಹ್ನದ ಹೊತ್ತು, 300 ಕಿ.ಮೀ. ಆಸುಪಾಸಿನಲ್ಲಿ, ಒಂದು ಘನ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಷ್ಟು ಬಿಡಿ ಎಲೆಕ್ಟ್ರಾನುಗಳು ಸಿಗಬಹುದು. ಉಪಗ್ರಹದಿಂದ ನಮ್ಮ ಮೊಬೈಲಿಗೆ ಬರುವ ಸ್ಥಾನಸೂಚಕ ಸಂಕೇತ ಈ ಪದರವನ್ನು ಹಾದೇ ಬರಬೇಕು, ಹಾದುಬರುವಾಗ ತಡವಾಗುತ್ತದೆ. ಒಂದು ಚದರ ಮೀಟರಿನ ಕಂಬದುದ್ದಕ್ಕೂ ಇರುವ ಎಲೆಕ್ಟ್ರಾನುಗಳನ್ನು ಎಣಿಸುವ ಏಕಮಾನ ಒಂದರಷ್ಟು ಹೆಚ್ಚಿದರೆ ಜಿಪಿಎಸ್‌ನ ಮುಖ್ಯ ಆವರ್ತನದಲ್ಲಿ 16 ಸೆಂ.ಮೀ. ತಪ್ಪು ಸೇರಿಕೊಳ್ಳುತ್ತದೆ, ಅಂಥ ನೂರು ಏಕಮಾನಗಳಾದರೆ ತಪ್ಪು 16 ಮೀಟರ್. ವಿಮಾನಗಳಿಗಾಗಿ ನಮ್ಮ ದೇಶ ರೂಪಿಸಿದ ಗಗನ್ ವ್ಯವಸ್ಥೆ ಈ ತಪ್ಪನ್ನು ಲೆಕ್ಕಹಾಕಿ ತಿದ್ದುವ ಕೆಲಸವನ್ನೇ ಮಾಡುತ್ತದೆ.

ಆ ಎಲೆಕ್ಟ್ರಾನುಗಳನ್ನು ಅವು ಇದ್ದಲ್ಲಿಗೇ ಹೋಗಿ ಅಳೆಯುವ ಸಾಧನವೇ ಲ್ಯಾಂಗ್‌ಮ್ಯೂರ್ ಪ್ರೋಬ್. 1920ರ ದಶಕದಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಮತ್ತು ಹೆರಾಲ್ಡ್ ಮಾಟ್-ಸ್ಮಿತ್ ಇದರ ಸಿದ್ಧಾಂತವನ್ನು ಕಟ್ಟಿಕೊಟ್ಟರು. ಉಪಕರಣ ನೋಡಲು ಬಡಪಾಯಿ: ಒಂದು ಲೋಹದ ಗುಂಡು, ಇಲ್ಲವೇ ಒಂದು ಸೂಜಿ. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಚುಕಿ ನೋಡುವಂತೆ ಅದು ಪ್ಲಾಸ್ಮಾವನ್ನು ಮುಟ್ಟಿ ನೋಡುತ್ತದೆ. ಗುಂಡಿನ ವೋಲ್ಟೇಜನ್ನು ಋಣದಿಂದ ಧನದ ಕಡೆಗೆ ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಅದಕ್ಕೆ ಬಂದು ಸೇರುವ ವಿದ್ಯುತ್ತನ್ನು ಬರೆದುಕೊಳ್ಳಬೇಕು. ಆರಂಭದಲ್ಲಿ ಧನ ಅಯಾನುಗಳಷ್ಟೇ, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳಷ್ಟೇ, ಬಂದು ತಾಗುತ್ತವೆ. ವೋಲ್ಟೇಜು ಏರಿದಂತೆ ಮೊದಲು ಚುರುಕಾದ ಎಲೆಕ್ಟ್ರಾನುಗಳು, ಆಮೇಲೆ ನಿಧಾನದವು ಬರತೊಡಗುತ್ತವೆ, ಕೊನೆಗೆ ವಿದ್ಯುತ್ತಿನ ಏರಿಕೆ ಮಂದವಾಗುತ್ತದೆ. ಹೀಗೆ ಒಂದು ವಕ್ರರೇಖೆ ಮೂಡುತ್ತದೆ. ಅದು ಎಷ್ಟು ಕಡಿದಾಗಿ ಏರಿತು ಎಂಬುದರಿಂದ ಎಲೆಕ್ಟ್ರಾನುಗಳ ತಾಪ, ಎಷ್ಟರ ಮಟ್ಟಕ್ಕೆ ಏರಿತು ಎಂಬುದರಿಂದ ಅವುಗಳ ಸಾಂದ್ರತೆ ಗೊತ್ತಾಗುತ್ತದೆ. ತಾಪ 1000 ಕೆಲ್ವಿನ್ ಇದ್ದರೆ ಪ್ರತಿ 0.086 ವೋಲ್ಟಿಗೆ ಎಲೆಕ್ಟ್ರಾನ್ ವಿದ್ಯುತ್ತು 2.7 ಪಟ್ಟಾಗಬೇಕು. ಅಂದರೆ ವೋಲ್ಟಿನ ಹತ್ತನೇ ಒಂದು ಭಾಗದೊಳಗೆ ಇಡೀ ಉತ್ತರ ಅಡಗಿರುತ್ತದೆ.

ಇಷ್ಟು ಸೂಕ್ಷ್ಮವಾದ ಅಳತೆಯನ್ನು ಕೆಡಿಸಲು ಕಾರಣಗಳು ಬೇಕಾದಷ್ಟಿವೆ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, ಅಲ್ಲಿನ ಆಮ್ಲಜನಕದ ಅಯಾನುಗಳ ಸ್ವಂತ ವೇಗ ಸೆಕೆಂಡಿಗೆ ಒಂದು ಕಿ.ಮೀ. ಆಸುಪಾಸು, ಎಲೆಕ್ಟ್ರಾನುಗಳದ್ದು ಸುಮಾರು 200 ಕಿ.ಮೀ. ಹೀಗಾಗಿ ಅಯಾನುಗಳು ಉಪಗ್ರಹದ ಎದುರಿಗೆ ಬಂದು ಅಪ್ಪಳಿಸುತ್ತವೆ, ಹಿಂಬದಿಯಲ್ಲಿ ಅವುಗಳಿಲ್ಲದ ಒಂದು ಬರಿದಾದ ನೆರಳು ಉಳಿಯುತ್ತದೆ. ಪ್ರೋಬ್ ಆ ನೆರಳಿನಲ್ಲಿ ಸಿಕ್ಕಿಕೊಂಡರೆ ಅದು ಅಳೆಯುವುದು ಅಯಾನುಗೋಳವನ್ನಲ್ಲ, ಉಪಗ್ರಹ ತಾನೇ ಮಾಡಿದ ಗಾಯವನ್ನು. ಇನ್ನು ಉಪಗ್ರಹದ ಮೈ ತಾನೂ ಎಲೆಕ್ಟ್ರಾನುಗಳನ್ನು ಹೀರಿ ಋಣ ವಿಭವಕ್ಕೆ, ಅಂದರೆ ಋಣ ವೋಲ್ಟೇಜಿಗೆ, ಇಳಿದಿರುತ್ತದೆ. ಸೌರಫಲಕಗಳ ಜೋಡಣೆಗೆ ತಕ್ಕಂತೆ ಆ ವಿಭವ ಬೆಳಕಿನಲ್ಲೊಂದು, ಕತ್ತಲಲ್ಲೊಂದು. ಪ್ರೋಬ್ ಹೀರಿದಷ್ಟು ಎಲೆಕ್ಟ್ರಾನುಗಳಿಗೆ ಸಮನಾದ ಅಯಾನುಗಳನ್ನು ಉಪಗ್ರಹದ ಮೈ ಹೊರಗಿನಿಂದ ಪಡೆಯಲೇಬೇಕು. ಮೈ ಚಿಕ್ಕದಾದರೆ ಅದು ಸಾಧ್ಯವಾಗದೆ ಅಳತೆಯ ನಡುವೆಯೇ ಅದರ ವಿಭವ ಜಾರುತ್ತದೆ. ವಿದ್ಯಾರ್ಥಿಗಳು ಕಟ್ಟುವ ಪುಟ್ಟ ಉಪಗ್ರಹಗಳಿಗೆ ಇದೇ ದೊಡ್ಡ ತೊಡಕು.

ಎಲ್ಲಕ್ಕಿಂತ ಕಪಟಿ ಎಂದರೆ ಕೊಳೆ. ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆ ನಮ್ಮ ಪ್ರಯೋಗಶಾಲೆಯಲ್ಲಿ ಕಂಡೆ. ಗಾಜಿನ ಗಂಟೆಯಾಕಾರದ ಒಂದು ಜಾಡಿ, ಎಣ್ಣೆ ಸೋರುವ ಹಳೆಯ ರೋಟರಿ ಪಂಪು, 400 ವೋಲ್ಟಿನ ಒಂದು ಪವರ್ ಸಪ್ಲೈ ಇಷ್ಟೇ ನಮ್ಮ ಸಂಪತ್ತು. ಗಾಳಿಯನ್ನು ಹೀರಿ ವೋಲ್ಟೇಜು ಕೊಟ್ಟರೆ ಜಾಡಿಯೊಳಗೆ ನೇರಳೆ ಬೆರೆತ ಗುಲಾಬಿ ಬೆಳಕು ಹೊತ್ತಿಕೊಳ್ಳುತ್ತಿತ್ತು. ಅದರೊಳಗೆ ಟಂಗ್‌ಸ್ಟನ್ ತಂತಿಯ ತುದಿಯೊಂದನ್ನು ತೂರಿಸಿ ಪ್ರೋಬ್ ಮಾಡಿಕೊಂಡಿದ್ದೆವು. ಒಂದು ಮಳೆಗಾಲದ ಮಧ್ಯಾಹ್ನ, ಎಂ.ಎಸ್ಸಿ. ಓದುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ವೋಲ್ಟೇಜನ್ನು ಏರಿಸುತ್ತ ಒಂದು ವಕ್ರರೇಖೆಯನ್ನೂ ಇಳಿಸುತ್ತ ಇನ್ನೊಂದನ್ನೂ ಗ್ರಾಫ್ ಹಾಳೆಯ ಮೇಲೆ ಬರೆದಳು. ಎರಡೂ ಒಂದರ ಮೇಲೊಂದು ಕೂರಬೇಕಿತ್ತು, ಕೂರಲಿಲ್ಲ. ನಡುವೆ ಹುಣಸೆಯ ಎಲೆಯಷ್ಟು ಅಂತರ. ತಂತಿಯನ್ನು ಜೋಡಿಸುವಾಗ ಅವಳ ಬೆರಳು ತಾಗಿತ್ತು. ಪಂಪಿನ ಎಣ್ಣೆಯ ಆವಿಯೂ ಕೂತಿದ್ದಿರಬೇಕು. ಆ ತೆಳು ಪದರ ಒಂದು ಪುಟ್ಟ ಕೆಪಾಸಿಟರಿನಂತೆ ವಿದ್ಯುದಂಶವನ್ನು ಹಿಡಿದಿಟ್ಟು, ನಾವು ಕೊಟ್ಟ ವೋಲ್ಟೇಜು ಪ್ಲಾಸ್ಮಾದವರೆಗೆ ಪೂರ್ತಿ ತಲುಪದಂತೆ ಮಾಡುತ್ತಿತ್ತು. ತಂತಿಗೆ ಧನ ವೋಲ್ಟೇಜನ್ನು ಏರಿಸಿ, ಎಲೆಕ್ಟ್ರಾನುಗಳ ಹೊಡೆತಕ್ಕೆ ಅದರ ತುದಿ ಕೆಂಪಗೆ ಕಾಯುವವರೆಗೆ ಬಿಟ್ಟು, ತಣಿದ ಮೇಲೆ ಮತ್ತೆ ಅಳೆದಾಗ ಎರಡು ಗೆರೆಗಳೂ ಒಂದಾದವು. ಕೊಳೆಯಿದ್ದಾಗ ಲೆಕ್ಕಕ್ಕೆ ಸಿಕ್ಕ ತಾಪ, ಕೊಳೆ ಸುಟ್ಟ ಮೇಲಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ನಾವು ತಾಪದ ಸಂಖ್ಯೆಯೊಂದನ್ನೇ ಬರೆದಿಟ್ಟುಕೊಂಡಿದ್ದರೆ ಆ ತಪ್ಪು ನಮಗೆ ಎಂದೂ ತಿಳಿಯುತ್ತಿರಲಿಲ್ಲ. ತಪ್ಪಿನ ಗುರುತು ಇದ್ದದ್ದು ವಕ್ರರೇಖೆಯಲ್ಲಿ, ಸಂಖ್ಯೆಯಲ್ಲಿ ಅಲ್ಲ.

ಕಕ್ಷೆಯಲ್ಲೂ ಇದೇ ನಡೆದಿದೆ. 1960 ಮತ್ತು 70ರ ದಶಕಗಳಲ್ಲಿ ಉಪಗ್ರಹದ ಪ್ರೋಬ್‌ಗಳು ಕೊಟ್ಟ ಎಲೆಕ್ಟ್ರಾನ್ ತಾಪ, ಅದೇ ಆಕಾಶವನ್ನು ನೆಲದಿಂದ ನೋಡಿದ ರೇಡಾರುಗಳ ತಾಪಕ್ಕಿಂತ ಹೆಚ್ಚಾಗಿ ಬರುತ್ತಿತ್ತು. ಯಾರು ಸರಿ ಎಂಬ ವಾದ ಬಹಳ ಕಾಲ ನಡೆದು, ಪ್ರೋಬ್‌ನ ಮೇಲ್ಮೈಯ ಕೊಳೆಯೂ ಒಂದು ಮುಖ್ಯ ಕಾರಣವೆಂದು ಗೊತ್ತಾಯಿತು. ವಕ್ರರೇಖೆಗಳು ಕೈಯಲ್ಲಿದ್ದುದು ಆ ವಾದ ಬಗೆಹರಿಯಲು ನೆರವಾಯಿತು.

ಈಗ ನನ್ನ ದೂರಿಗೆ ಬರುತ್ತೇನೆ. ಅದೇ ವಿದ್ಯಾರ್ಥಿನಿ ತನ್ನ ಪ್ರಬಂಧಕ್ಕಾಗಿ, ಸೂರ್ಯಾಸ್ತದ ನಂತರ ಪಶ್ಚಿಮ ಕರಾವಳಿಯ ಮೇಲಿನ ಅಯಾನುಗೋಳದಲ್ಲಿ ಎಲೆಕ್ಟ್ರಾನ್ ತಾಪ ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ತಂದೆ ಕಲಬುರಗಿಯ ಕಡೆಯಿಂದ ಬಂದು ಇಲ್ಲಿ ಗೌಂಡಿ ಕೆಲಸ ಮಾಡುವವರು. ಹಿಂದಿನ ಒಂದು ಪ್ರೋಬ್‌ನ ಅಳತೆಗಳು ಒಂದು ಸಂಸ್ಥೆಯಲ್ಲಿವೆ ಎಂದು ತಿಳಿದು, ಕಾಲೇಜಿನ ಮೂಲಕ ವಿಧ್ಯುಕ್ತವಾಗಿ ಕೋರಿಕೆ ಸಲ್ಲಿಸಿದೆವು. ಆ ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರನ್ನು ಅವಮಾನಿಸುವುದು ನನ್ನ ಉದ್ದೇಶವಲ್ಲ. ಹನ್ನೊಂದು ತಿಂಗಳ ನಂತರ ಎರಡು ಪುಟ ಬಂದವು. ಅವುಗಳಲ್ಲಿ ಇದ್ದದ್ದು ಗ್ರಾಫಿನ ಚಿತ್ರ, ಅಂಕಿಗಳೂ ಅಲ್ಲ. ಅವಳು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಸ್ಕೇಲು ಇಟ್ಟು, ಒಂದೊಂದೇ ಚುಕ್ಕೆಯ ಎತ್ತರವನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ರಾತ್ರಿ ಒಂಬತ್ತರ ಸುಮಾರಿಗೆ ಒಂದು ಚುಕ್ಕೆ 4000 ಕೆಲ್ವಿನ್‌ಗಿಂತ ಮೇಲಿತ್ತು. ಆ ಎತ್ತರದಲ್ಲಿ, ಆ ಹೊತ್ತಿನಲ್ಲಿ ಸಾವಿರದ ಆಸುಪಾಸು ಇರಬೇಕಾದ ತಾಪ ಅದು.

ಅದು ನಿಜಕ್ಕೂ ಅಯಾನುಗೋಳದಲ್ಲಿ ನಡೆದ ಯಾವುದೋ ಘಟನೆಯೇ, ಪ್ರೋಬ್ ಕೊಳೆಯಾಗಿತ್ತೇ, ಇಲ್ಲವೇ ಉಪಗ್ರಹ ಕತ್ತಲೆಗೆ ಕಾಲಿಟ್ಟ ಗಳಿಗೆಯಲ್ಲಿ ಅದರ ವಿಭವ ಜಾರಿತ್ತೇ? ಒಂದೇ ಒಂದು ವಕ್ರರೇಖೆ ಇದ್ದಿದ್ದರೆ ಅವಳು ಆ ಸಂಜೆಯೇ ಉತ್ತರ ಹುಡುಕಬಹುದಿತ್ತು. ಕೇಳಿದೆವು. "ಸಂಸ್ಕರಿಸಿದ ದತ್ತಾಂಶ ನಿಮ್ಮ ಅಗತ್ಯಕ್ಕೆ ಸಾಕಾಗುತ್ತದೆ" ಎಂಬ ಒಂದು ಸಾಲಿನ ಉತ್ತರ ಬಂತು. ಅವಳು ಪ್ರಶ್ನೆಯನ್ನೇ ಬಿಟ್ಟಳು. ಯುರೋಪಿನ ಸ್ವಾರ್ಮ್ ಉಪಗ್ರಹಗಳ ಅಳತೆಗಳನ್ನು ಒಂದೇ ಸಂಜೆಯಲ್ಲಿ ಇಳಿಸಿಕೊಂಡು ಪ್ರಬಂಧ ಮುಗಿಸಿದಳು.

2013ರ ನವೆಂಬರ್ 22ರಂದು ಹಾರಿದ ಸ್ವಾರ್ಮ್‌ನ ಮೂರು ಉಪಗ್ರಹಗಳಲ್ಲೂ ಎರಡೆರಡು ಲ್ಯಾಂಗ್‌ಮ್ಯೂರ್ ಗುಂಡುಗಳಿವೆ. ಒಂದಕ್ಕೆ ಚಿನ್ನದ ಲೇಪ, ಇನ್ನೊಂದಕ್ಕೆ ಟೈಟಾನಿಯಂ ನೈಟ್ರೈಡ್. ಸೆಕೆಂಡಿಗೆ ಎರಡು ಬಾರಿಯ ಸಾಂದ್ರತೆ ಮತ್ತು ತಾಪದ ಜೊತೆಗೆ ಆ ಕ್ಷಣದ ಉಪಗ್ರಹದ ವಿಭವ ಎಷ್ಟಿತ್ತು, ಆ ಅಳತೆಯನ್ನು ಎಷ್ಟು ನಂಬಬಹುದು ಎಂಬ ಗುರುತುಗಳೂ ಸಾಲುಸಾಲಾಗಿ ಸಿಗುತ್ತವೆ. ಸಂಶೋಧಕರು ಆ ಅಂಕಿಗಳನ್ನು ರೇಡಾರುಗಳ ಅಳತೆಯೊಂದಿಗೆ ಹೋಲಿಸಿ, ತಾಪ ನೂರಾರು ಕೆಲ್ವಿನ್ ಹೆಚ್ಚಾಗಿ ಬರುತ್ತಿದೆ ಎಂದು ತೋರಿಸಿ ತಿದ್ದುಪಡಿ ಸೂಚಿಸಿದರು. ತಪ್ಪು ಹೊರಬಿದ್ದುದರಿಂದ ಸ್ವಾರ್ಮ್‌ನ ಮರ್ಯಾದೆ ಕುಂದಲಿಲ್ಲ, ಅದರ ಅಂಕಿಗಳ ಮೇಲಿನ ನಂಬಿಕೆ ಹೆಚ್ಚಿತು.

ನಮ್ಮಲ್ಲಿ ಸಾಮರ್ಥ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. 1994ರ ಮೇ 4ರಂದು ಶ್ರೀಹರಿಕೋಟಾದಿಂದ ಹಾರಿದ ಸ್ರಾಸ್-ಸಿ2 ಉಪಗ್ರಹದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಪ್ರೋಬ್‌ಗಳಿದ್ದವು. ಜಾಲರಿಗಳ ಮೇಲಿನ ವೋಲ್ಟೇಜನ್ನು ಬದಲಿಸುತ್ತ ಎಲೆಕ್ಟ್ರಾನುಗಳನ್ನೂ ಅಯಾನುಗಳನ್ನೂ ಬೇರೆಬೇರೆಯಾಗಿ ಸೋಸಿ ಎಣಿಸುವ ಬಗೆಯವು. 2001ರವರೆಗೆ ಕಕ್ಷೆಯಲ್ಲಿದ್ದ ಆ ಉಪಗ್ರಹ ಸೂರ್ಯ ತಣ್ಣಗಿದ್ದ ವರ್ಷಗಳನ್ನೂ ಉರಿದೆದ್ದ ವರ್ಷಗಳನ್ನೂ ಕಂಡಿತು. 2016ರ ಸೆಪ್ಟೆಂಬರ್ 26ರಂದು ಐಐಟಿ ಬಾಂಬೆಯ ವಿದ್ಯಾರ್ಥಿಗಳ 'ಪ್ರಥಮ್' ಹಾರಿತು, ಮುಂಬೈ ಮೇಲಿನ ಎಲೆಕ್ಟ್ರಾನುಗಳ ಒಟ್ಟು ಲೆಕ್ಕವನ್ನು ಅದರ ರೇಡಿಯೊ ಸಂಕೇತಗಳಿಂದ ತೆಗೆಯುವ ಗುರಿಯೊಂದಿಗೆ. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಅದೇ ರಾಕೆಟ್ಟಿನಲ್ಲಿ ಜೊತೆಯಾಗಿ ಹೋಯಿತು. 2019ರ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45ರ ನಾಲ್ಕನೇ ಹಂತವನ್ನೇ ಪ್ರಯೋಗವೇದಿಕೆಯಾಗಿ ಬಳಸಿ, ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಐಐಎಸ್‌ಟಿ ತನ್ನ ಅಯಾನುಗೋಳದ ಉಪಕರಣ ಏರಿಸ್ ಅನ್ನು ಪರೀಕ್ಷಿಸಿತು. 2023ರ ಆಗಸ್ಟಿನಲ್ಲಂತೂ ನಮ್ಮ ಲ್ಯಾಂಗ್‌ಮ್ಯೂರ್ ಪ್ರೋಬ್ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿದ ವಿಕ್ರಮ್‌ನ ಮೇಲಿತ್ತು. ಒಂದು ಮೀಟರ್ ಉದ್ದದ ಕೋಲಿನ ತುದಿಯ 5 ಸೆಂ.ಮೀ. ಗುಂಡು ಅದು, ಅಲ್ಲಿ ನೆಲದ ಸಮೀಪ ಒಂದು ಘನ ಮೀಟರಿಗೆ 50 ಲಕ್ಷದಿಂದ 3 ಕೋಟಿ ಎಲೆಕ್ಟ್ರಾನುಗಳಿವೆ ಎಂದು ಆರಂಭಿಕ ಅಳತೆ ಹೇಳಿತು. ನಮ್ಮ ಅಯಾನುಗೋಳದ ಮಧ್ಯಾಹ್ನದ ಲಕ್ಷ ಕೋಟಿಯ ಮುಂದೆ ಅದು ಎಷ್ಟು ವಿರಳವೆಂದು ವಾಚನಾಲಯದ ಮಕ್ಕಳಿಗೆ ಹೇಳಿದಾಗ ಅವರು ಬಾಯಿ ತೆರೆದು ಕೂತಿದ್ದರು.

ಚಂದ್ರಯಾನ ಮತ್ತು ಆದಿತ್ಯ-ಎಲ್1ರ ದತ್ತಾಂಶವನ್ನು ಇಸ್ರೋದ ಪ್ರದಾನ್ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿರುವುದು ನನಗೆ ತಿಳಿದಿದೆ, ಅದಕ್ಕಾಗಿ ಕೃತಜ್ಞಳು. ಚಂದ್ರನಿಗೂ ಸೂರ್ಯನಿಗೂ ಸಲ್ಲುವ ಈ ಉದಾರತೆ ನಮ್ಮ ತಲೆಯ ಮೇಲಿನ 300 ಕಿ.ಮೀ.ಗೂ ಸಲ್ಲಲಿ ಎಂದಷ್ಟೇ ಕೇಳುತ್ತಿದ್ದೇನೆ.

ವಕ್ರರೇಖೆಗಳನ್ನು ಪೂರ್ತಿ ನೆಲಕ್ಕೆ ಕಳುಹಿಸುವುದೂ ಕೂಡಿಡುವುದೂ ಭಾರವಾಗುತ್ತದೆ ಎಂಬ ಮಾತನ್ನು ಕೇಳಿದ್ದೇನೆ. ಲೆಕ್ಕ ಹಾಕಿ ನೋಡೋಣ. ಒಂದು ಸ್ವೀಪ್‌ಗೆ (ವೋಲ್ಟೇಜಿನ ಒಂದು ಪೂರ್ತಿ ಏರಿಕೆಗೆ) 100 ಬಿಂದು, ಬಿಂದುವಿಗೆ 2 ಬೈಟ್, ಸೆಕೆಂಡಿಗೊಂದು ಸ್ವೀಪ್ ಎಂದಿಟ್ಟುಕೊಂಡರೆ ಸೆಕೆಂಡಿಗೆ 200 ಬೈಟ್. 86,400 ಸೆಕೆಂಡುಗಳ ಇಡೀ ದಿನಕ್ಕೆ ಸುಮಾರು 17 ಮೆಗಾಬೈಟ್. ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ದಾದರಿಗೆ ಹೋಗುವಷ್ಟರಲ್ಲಿ ಒಬ್ಬ ಪ್ರಯಾಣಿಕ ಮೊಬೈಲಿನಲ್ಲಿ ಇದರ ಹಲವು ಪಟ್ಟು ನೋಡಿ ಮುಗಿಸುತ್ತಾನೆ. ಹಿಂದೆ ಈ ಕಾರಣ ನಿಜವಾಗಿತ್ತು, ಈಗ ಅದು ನಿಲ್ಲುವುದಿಲ್ಲ. ಹೊರಗಿನವರು ಮೂಲ ಅಳತೆಯನ್ನು ತಪ್ಪಾಗಿ ಅರ್ಥೈಸಿಯಾರು ಎಂಬುದು ಇನ್ನೊಂದು ಆತಂಕ. ಅರ್ಥೈಸಬಹುದು, ಆದರೆ ಉಪಗ್ರಹದ ವಿಭವ, ದಿಕ್ಕು, ಪ್ರೋಬ್‌ನ ಲೇಪ, ಮಾಪನದ ಟಿಪ್ಪಣಿ ಇವನ್ನೂ ಜೊತೆಗೆ ಕೊಟ್ಟರೆ ಆ ಅಪಾಯ ಕಡಿಮೆಯಾಗುತ್ತದೆ, ಬಚ್ಚಿಟ್ಟರೆ ಹೆಚ್ಚಾಗುತ್ತದೆ.

ಮೂಲ ಅಳತೆಯನ್ನು ಉಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೇ ಮುಂಬೈಯಲ್ಲಿದೆ. ಕೊಲಾಬಾದ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತತ್ವವನ್ನು ಅಳೆದು ದಾಖಲಿಸುತ್ತಿದ್ದರು. 1859ರ ಸೆಪ್ಟೆಂಬರ್ ಆರಂಭದಲ್ಲಿ ಸೂರ್ಯನಿಂದ ಬಂದ ಮಹಾ ಬಿರುಗಾಳಿಗೆ ಸೂಜಿ ಹುಚ್ಚೆದ್ದಂತೆ ಓಲಾಡಿದಾಗಲೂ ಅಲ್ಲಿದ್ದವರು ಕಂಡದ್ದನ್ನು ಕಂಡಂತೆ ಬರೆದಿಟ್ಟರು. ಅವರಿಗೆ ಅಯಾನುಗೋಳವಾಗಲಿ ಪ್ಲಾಸ್ಮಾವಾಗಲಿ ಗೊತ್ತಿರಲಿಲ್ಲ. ಎಲೆಕ್ಟ್ರಾನನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಟ್ರಾಮುಗಳ ವಿದ್ಯುತ್ತು ಅಳತೆಯನ್ನು ಕೆಡಿಸೀತೆಂದು ಮುಂದೆ ವೀಕ್ಷಣಾಲಯವನ್ನೇ ಅಲಿಬಾಗಿಗೆ ಸ್ಥಳಾಂತರಿಸಿದರು. ಅಳತೆಯ ಶುದ್ಧಿಗಾಗಿ ಸಮುದ್ರ ದಾಟಿದ ಪರಂಪರೆ ನಮ್ಮದು. 2003ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡವೊಂದು ಆ ಹಳೆಯ ದಾಖಲೆಯನ್ನು ಮತ್ತೆ ತೆರೆದು, ಕಾಂತಕ್ಷೇತ್ರದ ಸಮತಲ ಅಂಶ ಸುಮಾರು 1600 ನ್ಯಾನೊಟೆಸ್ಲಾ ಕುಸಿದಿತ್ತೆಂದು ಪ್ರಕಟಿಸಿತು. 144 ವರ್ಷಗಳ ನಂತರ ಜಗತ್ತು ಆ ಬಿರುಗಾಳಿಯ ಬಲವನ್ನು ಅಂದಾಜಿಸಲು ಕೊಲಾಬಾದ ಅಂಕಿಗಳನ್ನು ಹಿಡಿದುಕೊಂಡಿತು. ಆ ದಿನದ ಸರಾಸರಿಯೊಂದನ್ನು ಮಾತ್ರ ಬರೆದಿಟ್ಟು ಉಳಿದ ಹಾಳೆಗಳನ್ನು ಎಸೆದಿದ್ದರೆ ನಮ್ಮ ಕೈಗೆ ಏನು ಸಿಗುತ್ತಿತ್ತು?

ಕಕ್ಷೆಯ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ಭೂಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮತಲವಾಗಿರುವ ರೇಖೆ, ನಮ್ಮ ದೇಶದ ದಕ್ಷಿಣ ತುದಿಯನ್ನು ಹಾದುಹೋಗುತ್ತದೆ. ಸೂರ್ಯಾಸ್ತದ ಬಳಿಕ ಅಲ್ಲಿ ಅಯಾನುಗೋಳದ ತಳದಿಂದ ವಿರಳ ಪ್ಲಾಸ್ಮಾದ ಗುಳ್ಳೆಗಳು ಮೇಲೆದ್ದು, ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಚಾಚಿಕೊಳ್ಳುತ್ತವೆ. ಎತ್ತರಕ್ಕೆ ಏರಿದ ಗುಳ್ಳೆಗಳು ಗೋವಾ, ಪುಣೆ, ಮುಂಬೈಗಳ ಮೇಲಕ್ಕೂ ಬಂದು ಜಿಪಿಎಸ್ ಸಂಕೇತವನ್ನು ಮಿನುಗಿಸುತ್ತವೆ; ನಾರಾಯಣಗಾಂವ್ ಬಳಿಯ ದೈತ್ಯ ರೇಡಿಯೊ ದೂರದರ್ಶಕವಾದ ಜಿಎಂಆರ್‌ಟಿಯ ಕಡಿಮೆ ಆವರ್ತನದ ವೀಕ್ಷಣೆಗಳಿಗೂ ಅಯಾನುಗೋಳದ ಈ ಚಂಚಲತೆ ಅಡ್ಡಿಯೇ. ಅಮೆರಿಕ 2008ರಲ್ಲಿ ಈ ಗುಳ್ಳೆಗಳಿಗಾಗಿಯೇ ಹಾರಿಸಿದ ಸಿ-ನೋಫ್ಸ್ ಉಪಗ್ರಹದ ಕಕ್ಷೆ ಭೂಮಧ್ಯರೇಖೆಗೆ 13 ಡಿಗ್ರಿ ಮಾತ್ರ ಓರೆಯಾಗಿತ್ತು. ಅದು ಬೆಂಗಳೂರಿನ ನೆತ್ತಿಯವರೆಗೆ ಬಂದು ಹಿಂದಿರುಗುತ್ತಿತ್ತು, ಗೋವಾವನ್ನೂ ಮುಟ್ಟುತ್ತಿರಲಿಲ್ಲ. 2019ರಲ್ಲಿ ತೈವಾನ್ ಮತ್ತು ಅಮೆರಿಕ ಸೇರಿ ಹಾರಿಸಿದ ಕಾಸ್ಮಿಕ್-2ರ ಆರು ಉಪಗ್ರಹಗಳು 24 ಡಿಗ್ರಿಯಷ್ಟು ಓರೆಯಿರುವುದರಿಂದ ನಮ್ಮ ಮೇಲೂ ಹಾಯುತ್ತವೆ. ನಮ್ಮ ಆಕಾಶವನ್ನು ಬೇರೆಯವರು ಅಳೆದಾಗ ಅಂಕಿಗಳು ಸಿಗುತ್ತವೆ, ಯಾವ ಹೊತ್ತಿಗೆ, ಎಷ್ಟು ಒತ್ತಾಗಿ ಅಳೆಯಬೇಕೆಂಬ ತೀರ್ಮಾನ ಮಾತ್ರ ಅವರದಾಗಿರುತ್ತದೆ.

ಆದ್ದರಿಂದ ನನ್ನ ಕೋರಿಕೆಗಳು ಇವು. ಸಾರ್ವಜನಿಕ ಹಣದಿಂದ ಹಾರಿದ ಪ್ರತಿಯೊಂದು ಅಯಾನುಗೋಳದ ಪ್ರೋಬ್‌ನ ಮೂಲ ವೋಲ್ಟೇಜು ಮತ್ತು ವಿದ್ಯುತ್ತಿನ ದಾಖಲೆಗಳನ್ನು, ಅಳತೆ ಮಾಡಿದ ತಂಡಕ್ಕೆ ಒಂದು ವರ್ಷದ ಮೊದಲ ಹಕ್ಕು ಕೊಟ್ಟು, ಆಮೇಲೆ ಯಾರಾದರೂ ಇಳಿಸಿಕೊಳ್ಳುವಂತೆ ತೆರೆದಿಡಬೇಕು. ಆ ತಂಡದವರ ದುಡಿಮೆಗೆ ಒಂದು ವರ್ಷದ ಮನ್ನಣೆ ನ್ಯಾಯವಾದದ್ದೇ, ಅದಕ್ಕಿಂತ ಹೆಚ್ಚಿನದು ಬೇಡ. ಹಳೆಯ ಯೋಜನೆಗಳ ಟೇಪುಗಳೋ ಮುದ್ರಿತ ಹಾಳೆಗಳೋ ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿಂದ ತರಿಸಿ, ಅವನ್ನು ಓದಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಗಣಕಕ್ಕೆ ಏರಿಸಬೇಕು. ಈ ಕೆಲಸ ತಡವಾದರೆ ಮತ್ತೆ ಮಾಡಲಾಗದು, ಆದ್ದರಿಂದ ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇನೆ. ಮುಂದೆ ಹಾರಿಸುವ ಪ್ರೋಬ್‌ಗಳು ಆಗಾಗ ತಮ್ಮನ್ನು ತಾವೇ ಕಾಯಿಸಿ ಕೊಳೆ ಸುಡುವ ವ್ಯವಸ್ಥೆ ಹೊಂದಿರಲಿ, ಇಲ್ಲವೇ ಏರಿಳಿತದ ಎರಡೂ ವಕ್ರರೇಖೆಗಳನ್ನು ಕಳುಹಿಸಲಿ; ಮತ್ತು ಅವುಗಳಲ್ಲಿ ಒಂದಾದರೂ 25 ಡಿಗ್ರಿಯ ಆಸುಪಾಸಿನ ಓರೆಯ ಕಕ್ಷೆಯಲ್ಲಿ, ಸೆಕೆಂಡಿಗೆ ನೂರಾರು ಬಾರಿ ಸಾಂದ್ರತೆ ಅಳೆಯುತ್ತ ಹಲವು ವರ್ಷ ಸುತ್ತಲಿ. ಸೆಕೆಂಡಿಗೆ ಎರಡು ಬಾರಿ ಅಳೆದರೆ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಉಪಗ್ರಹ ಸುಮಾರು ಮೂರೂಮುಕ್ಕಾಲು ಕಿ.ಮೀ. ಓಡಿಬಿಡುತ್ತದೆ, ಜಿಪಿಎಸ್ ಸಂಕೇತವನ್ನು ಮಿನುಗಿಸುವ ರಚನೆಗಳ ಅಳತೆ ಕೆಲವು ನೂರು ಮೀಟರು.

ನನ್ನ ವಿದ್ಯಾರ್ಥಿನಿ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಸ್ಕೇಲಿನಿಂದ ಅಳೆದು ಚುಕ್ಕೆಗಳನ್ನು ಬರೆದುಕೊಂಡ ಅವಳ ನೋಟ್‌ಬುಕ್ಕು ನನ್ನ ಬಳಿ ಇದೆ. 4000 ಕೆಲ್ವಿನ್ ದಾಟಿದ ಆ ಚುಕ್ಕೆಯ ಪಕ್ಕದಲ್ಲಿ ಅವಳು ಪೆನ್ಸಿಲಿನಲ್ಲಿ "ಇದು ಯಾಕೆ?" ಎಂದು ಕನ್ನಡದಲ್ಲಿ ಬರೆದಿದ್ದಾಳೆ. ಆ ರಾತ್ರಿಯ ವಕ್ರರೇಖೆಯನ್ನು ತಾವು ಹುಡುಕಿಸಿ ಕೊಡುವುದಾದರೆ, ತಾವು ಹೇಳಿದ ದಿನ, ಹೇಳಿದ ಕಚೇರಿಗೆ ಆ ನೋಟ್‌ಬುಕ್ಕಿನೊಂದಿಗೆ ನಾವಿಬ್ಬರೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕಿ
ಡೊಂಬಿವಲಿ